ಅಳೆದು ಕಟ್ಟಿದ ಮಹನೀಯ: ಸರ್ ಎಂ. ವಿಶ್ವೇಶ್ವರಯ್ಯ ಮತ್ತು ನದಿಯ ಹರಿವಿನ ಲೆಕ್ಕ

ಮೂಡಲಗಿ: ಘಟಪ್ರಭಾ ನದಿಯನ್ನು ಮೂಡಲಗಿ ಭಾಗದ ಬಹುಪಾಲು ರೈತರು ಬಲ್ಲುದು ಕಾಲುವೆಯ ರೂಪದಲ್ಲಿಯೇ. ಸಹ್ಯಾದ್ರಿಯಲ್ಲಿ ಹುಟ್ಟಿ, ಹುಕ್ಕೇರಿ ಮತ್ತು ಗೋಕಾಕ ಸೀಮೆಯನ್ನು ಹಾಯ್ದು, ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುವ ಈ ನದಿಗೆ ಧೂಪದಾಳದ ಬಳಿ 1897ರಲ್ಲಿ ಒಡ್ಡು ಬಿದ್ದಿತು. 1977ರಲ್ಲಿ ಅದರ ಮೇಲ್ಭಾಗದ ಹಿಡಕಲ್‌ನಲ್ಲಿ ಸುಮಾರು 51 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯ ಪೂರ್ಣಗೊಂಡಿತು. ಮಳೆಗಾಲದಲ್ಲಿ ಸುಮಾರು 170 ಅಡಿ ಎತ್ತರದಿಂದ ಭೋರ್ಗರೆದು ಧುಮ್ಮಿಕ್ಕುವ ಗೋಕಾಕ ಜಲಪಾತವು ಬೇಸಿಗೆಯಲ್ಲಿ ಬರಿಯ ಬಂಡೆಯಾಗಿ ಕಾಣುತ್ತದೆ. ಈ ವ್ಯತ್ಯಾಸದಲ್ಲಿ ಪ್ರಕೃತಿಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು?

ಪ್ರಶ್ನೆ ಸರಳವಾದರೂ ಅದಕ್ಕೆ ಉತ್ತರ ಹೇಳಬಲ್ಲುದು ಅಳತೆಯೊಂದೇ. ಕನ್ನಡ ನಾಡಿನಲ್ಲಿ ನದಿ ಮತ್ತು ಅಳತೆ ಎಂಬ ಎರಡು ಮಾತುಗಳು ಒಟ್ಟಿಗೆ ಬಂದಾಗ ಮೊದಲು ನೆನಪಾಗುವ ಹೆಸರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರದು. ಕನ್ನಂಬಾಡಿ ಕಟ್ಟೆಯ ರೂವಾರಿ, ಮೈಸೂರಿನ ದಿವಾನರು, ಭಾರತರತ್ನ ಎಂದು ಅವರನ್ನು ನಾಡು ಸ್ಮರಿಸುತ್ತದೆ. ಆದರೆ ಅವರ ಸುದೀರ್ಘ ವೃತ್ತಿಜೀವನದ ಉದ್ದಕ್ಕೂ ಹರಿದ ಎಳೆಯೊಂದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ನದಿಯನ್ನು ಬದಲಿಸುವ ಮುನ್ನ ಅದನ್ನು ಅಳೆಯಬೇಕು, ಬದಲಿಸಿದ ಮೇಲೂ ಅಳೆಯುತ್ತಲೇ ಇರಬೇಕು ಎಂಬುದೇ ಆ ಎಳೆ.

ಮುದ್ದೇನಹಳ್ಳಿಯಿಂದ ಮುಂಬಯಿ ಪ್ರಾಂತಕ್ಕೆ

1860ರ ದಶಕದ ಆರಂಭದಲ್ಲಿ, ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ ಬಡತನದ ನಡುವೆಯೇ ಓದು ಮುಂದುವರಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. ಅನಂತರ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಶಿಕ್ಷಣ ಪಡೆದು, 1883ರಲ್ಲಿ ಪ್ರಥಮ ಸ್ಥಾನದೊಂದಿಗೆ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ದೊರೆಯಿತು.

ಅಂದಿನ ಮುಂಬಯಿ ಪ್ರಾಂತ ಸಿಂಧ್‌ನಿಂದ ಉತ್ತರ ಕನ್ನಡದವರೆಗೆ ಹಬ್ಬಿತ್ತು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳೂ ಅದರೊಳಗೆ ಇದ್ದವು. ಧೂಪದಾಳದ ಒಡ್ಡು ಮೇಲೆದ್ದ ಕಾಲದಲ್ಲಿ ಅದನ್ನು ಕಟ್ಟಿಸಿದ ಸರ್ಕಾರವೂ ವಿಶ್ವೇಶ್ವರಯ್ಯನವರು ಸೇವೆಯಲ್ಲಿದ್ದ ಸರ್ಕಾರವೂ ಒಂದೇ ಆಗಿತ್ತೆಂಬುದು ಗಮನಾರ್ಹ. ನೀರಾವರಿ ಮತ್ತು ನಗರಗಳ ಕುಡಿಯುವ ನೀರು ಎಂಬ ಎರಡು ಕ್ಷೇತ್ರಗಳಲ್ಲಿ ಅವರು ಈ ಪ್ರಾಂತದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದರು.

ಖಾನ್‌ದೇಶದ ಧುಳೆ ಸಮೀಪ ಪಾಂಝರಾ ನದಿಯ ಅಡಿಯಲ್ಲಿ ಕೊಳವೆಯ ಮೂಲಕ ಕಾಲುವೆಯ ನೀರನ್ನು ದಾಟಿಸುವ ಕೆಲಸ ಅವರಿಗೆ ಆರಂಭದಲ್ಲಿಯೇ ಬಂದಿತು. ಮಳೆಗಾಲದ ಪ್ರವಾಹ ಕಾಮಗಾರಿಗೆ ಪದೇ ಪದೇ ಅಡ್ಡಿಯಾಯಿತು. ನದಿ ಯಾವಾಗ, ಎಷ್ಟು, ಯಾವ ವೇಗದಲ್ಲಿ ಏರುತ್ತದೆ ಎಂಬುದನ್ನು ಅರಿಯದೆ ಅದರ ಪಾತ್ರದಲ್ಲಿ ಒಂದು ಕೊಳವೆಯನ್ನೂ ಹೂಳಲಾಗದು ಎಂಬುದು ಯುವ ಎಂಜಿನಿಯರ್‌ಗೆ ದೊರೆತ ಮೊದಲ ಪಾಠ. ಮುಂದೆ ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ 1895ರಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಪೂರ್ಣಗೊಂಡಾಗ, ಕೆಸರು ತುಂಬಿದ ಸಿಂಧೂ ನದಿಯ ನೀರನ್ನು ನದಿಯ ಮರಳಿನಿಂದಲೇ ಸೋಸಿ ತೆಗೆಯುವ ಉಪಾಯವನ್ನು ಅವರು ಕಾರ್ಯರೂಪಕ್ಕೆ ತಂದರು.

ತಾನೇ ತೆರೆದುಕೊಳ್ಳುವ ಬಾಗಿಲು

ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯವು ಮಳೆಗಾಲದಲ್ಲಿ ತುಂಬಿ ಕೋಡಿಯ ಮೇಲೆ ಹಲವು ಅಡಿ ಎತ್ತರಕ್ಕೆ ಹರಿಯುತ್ತಿತ್ತು. ಆ ನೀರೆಲ್ಲ ಕೆಳಕ್ಕೆ ಹೋಗಿ, ಬೇಸಿಗೆಯಲ್ಲಿ ನಗರಕ್ಕೂ ಕಾಲುವೆಗೂ ಕೊರತೆ ಬೀಳುತ್ತಿತ್ತು. ಕಟ್ಟೆಯನ್ನು ಎತ್ತರಿಸಿದರೆ ಪ್ರವಾಹದ ಅಪಾಯ, ಎತ್ತರಿಸದಿದ್ದರೆ ನೀರಿನ ಅಭಾವ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿ ಈ ಇಕ್ಕಟ್ಟನ್ನು ಬಿಡಿಸಿದರು. ನೀರು ನಿಗದಿತ ಮಟ್ಟ ಮುಟ್ಟಿದಾಗ ಬಾಗಿಲು ತಾನಾಗಿ ತೆರೆದು ಪ್ರವಾಹವನ್ನು ಬಿಟ್ಟುಕೊಡುತ್ತಿತ್ತು, ಮಟ್ಟ ಇಳಿದಾಗ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. 1903ರ ಹೊತ್ತಿಗೆ ಕಾರ್ಯಾರಂಭ ಮಾಡಿದ ಈ ವ್ಯವಸ್ಥೆಯಿಂದ ಜಲಾಶಯದ ಮಟ್ಟವನ್ನು ಸುಮಾರು 8 ಅಡಿ ಹೆಚ್ಚಿಸಲು ಸಾಧ್ಯವಾಯಿತು. ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟೆಯಲ್ಲಿಯೂ ಮುಂದೆ ಕೃಷ್ಣರಾಜಸಾಗರದಲ್ಲಿಯೂ ಇದೇ ಮಾದರಿಯ ಬಾಗಿಲುಗಳು ಬಳಕೆಗೆ ಬಂದವು.

ಯಂತ್ರದ ಜಾಣ್ಮೆಗಿಂತ ಅದರ ಹಿಂದಿನ ಲೆಕ್ಕ ಇಲ್ಲಿ ಮುಖ್ಯ. ನದಿಯ ಗರಿಷ್ಠ ಪ್ರವಾಹ ಎಷ್ಟು, ಅದು ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಬೇಗ ಇಳಿಯುತ್ತದೆ ಎಂಬುದು ತಿಳಿಯದೆ ಅಂತಹ ಬಾಗಿಲನ್ನು ರೂಪಿಸುವುದು ಅಸಾಧ್ಯ. ಮನುಷ್ಯ ನದಿಯ ಹರಿವನ್ನು ಹಿಡಿದಿಡುವುದಾದರೆ ಅದರ ಸ್ವಭಾವವನ್ನು ಮೊದಲು ಅಂಕಿಗಳಲ್ಲಿ ಅರಿಯಬೇಕೆಂಬ ನಿಲುವು ಇಲ್ಲಿ ಕಬ್ಬಿಣದ ರೂಪ ತಳೆಯಿತು.

ಹೊಲಕ್ಕೂ ಒಂದು ಅಳತೆ

ಅದೇ ಅವಧಿಯಲ್ಲಿ ನೀರಾ ಕಾಲುವೆಯ ಪ್ರದೇಶದಲ್ಲಿ ಇನ್ನೊಂದು ಸಮಸ್ಯೆ ತಲೆದೋರಿತ್ತು. ಕಾಲುವೆಯ ಮೇಲ್ಭಾಗದ ರೈತರು ಕಬ್ಬಿಗೆ ಮಿತಿಯಿಲ್ಲದೆ ನೀರು ಹರಿಸುತ್ತಿದ್ದರು, ಕೆಳಭಾಗಕ್ಕೆ ನೀರು ಮುಟ್ಟುತ್ತಿರಲಿಲ್ಲ. ಅತಿಯಾದ ನೀರಿನಿಂದ ಭೂಮಿ ಜವಳಾಗಿ, ಮಲೇರಿಯಾ ಹರಡುತ್ತಿತ್ತು. ವಿಶ್ವೇಶ್ವರಯ್ಯನವರು ಇದಕ್ಕೆ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ನೀರಾವರಿಯ ಜಮೀನುಗಳನ್ನು ನಿರ್ದಿಷ್ಟ ಗುಂಪುಗಳಾಗಿ ವಿಂಗಡಿಸಿ, ಹೆಚ್ಚು ನೀರು ಬೇಡುವ ಬೆಳೆ ಮತ್ತು ಕಡಿಮೆ ನೀರು ಸಾಕಾಗುವ ಬೆಳೆಗಳನ್ನು ಸರದಿಯಂತೆ ಬೆಳೆಯುವುದು, ಲಭ್ಯವಿರುವ ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವುದು ಅದರ ಸಾರ. ಆರಂಭದಲ್ಲಿ ರೈತರಿಂದ ವಿರೋಧ ವ್ಯಕ್ತವಾದರೂ, ಅವರೊಂದಿಗೆ ಮಾತುಕತೆ ನಡೆಸಿ ಪದ್ಧತಿಯನ್ನು ಜಾರಿಗೆ ತರಲಾಯಿತು. 1901ರಿಂದ 1903ರವರೆಗೆ ಕೆಲಸ ಮಾಡಿದ ಭಾರತ ನೀರಾವರಿ ಆಯೋಗದ ಗಮನವನ್ನೂ ಅದು ಸೆಳೆಯಿತು.

ನದಿಯಿಂದ ತೆಗೆದ ನೀರು ಹೊಲದಲ್ಲಿ ಕೊನೆಗೊಳ್ಳುವುದಿಲ್ಲ. ಅದು ಅಂತರ್ಜಲವನ್ನು ಏರಿಸುತ್ತದೆ, ಮಣ್ಣಿನ ಲವಣವನ್ನು ಮೇಲಕ್ಕೆ ತರುತ್ತದೆ, ಹಳ್ಳಗಳ ಮೂಲಕ ಬೇರೆ ಗುಣದ ನೀರಾಗಿ ಮತ್ತೆ ನದಿಯನ್ನು ಸೇರುತ್ತದೆ. ಘಟಪ್ರಭಾ ಅಚ್ಚುಕಟ್ಟಿನ ಎರೆಭೂಮಿಯಲ್ಲಿ ಸವಳು-ಜವಳಿನ ಸಮಸ್ಯೆಯನ್ನು ಕಂಡ ರೈತರಿಗೆ ನೀರಾ ಕಣಿವೆಯ ಆ ಹಳೆಯ ಕಥೆ ಹೊಸದೇನೂ ಅಲ್ಲ.

ಮೂಸಿ ನದಿ ಕಲಿಸಿದ್ದು

ಮುಂಬಯಿ ಸರ್ಕಾರದ ಸೇವೆಯಿಂದ ನಿವೃತ್ತರಾದ ಕಾಲಕ್ಕೆ ಹೈದರಾಬಾದ್ ನಗರವು ಮೂಸಿ ನದಿಯ ಮಹಾಪೂರದಿಂದ ತತ್ತರಿಸಿತ್ತು. 1908ರ ಸೆಪ್ಟೆಂಬರ್ 28ರಂದು ಸಂಭವಿಸಿದ ಆ ದುರಂತದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ನಿಜಾಮರ ಸರ್ಕಾರದ ಆಹ್ವಾನದ ಮೇರೆಗೆ 1909ರಲ್ಲಿ ಅಲ್ಲಿಗೆ ತೆರಳಿದ ವಿಶ್ವೇಶ್ವರಯ್ಯನವರು ನಗರಕ್ಕೆ ತಡೆಗೋಡೆ ಕಟ್ಟುವ ಆಲೋಚನೆಯಿಂದ ಕೆಲಸ ಆರಂಭಿಸಲಿಲ್ಲ. ನಗರದ ಮೇಲ್ಭಾಗದ ಇಡೀ ಜಲಾನಯನ ಪ್ರದೇಶವನ್ನು ಪರಿಶೀಲಿಸಿದರು.

ಅಲ್ಲಿ ಕಂಡ ಸಂಗತಿ ಕಣ್ಣು ತೆರೆಸುವಂತಿತ್ತು. ಸುಮಾರು 860 ಚದರ ಮೈಲಿಯ ಆ ಪ್ರದೇಶದಲ್ಲಿ 788 ಕೆರೆಗಳಿದ್ದವು. ಅಂದರೆ ಹೆಚ್ಚುಕಡಿಮೆ ಚದರ ಮೈಲಿಗೊಂದು ಕೆರೆ. ಧಾರಾಕಾರ ಮಳೆಗೆ ಅವುಗಳಲ್ಲಿ 221 ಕೆರೆಗಳು ಒಡೆದಿದ್ದವು. ಮೇಲಿನ ಕೆರೆ ಒಡೆದು ಬಂದ ನೀರು ಕೆಳಗಿನ ಕೆರೆಯನ್ನು ಒಡೆದು, ಎಲ್ಲವೂ ಕೂಡಿ ನದಿಗೆ ನುಗ್ಗಿದ್ದವು. ನಗರದ ಬಳಿ ಗರಿಷ್ಠ ಪ್ರವಾಹವನ್ನು ಸೆಕೆಂಡಿಗೆ 4,25,000 ಘನ ಅಡಿ ಎಂದು ಲೆಕ್ಕ ಹಾಕಲಾಯಿತು. ಪ್ರವಾಹಕ್ಕೆ ಮಳೆ ಕಾರಣವಾಗಿತ್ತು, ಆದರೆ ಪ್ರವಾಹದ ಸ್ವರೂಪವನ್ನು ಮನುಷ್ಯನ ಕೈಯಿಂದಾದ ಕಟ್ಟೆಗಳೂ ಬದಲಿಸಿದ್ದವು. ಸಾಮಾನ್ಯ ವರ್ಷಗಳಲ್ಲಿ ನೀರನ್ನು ತಡೆದು ಹರಿವನ್ನು ತಗ್ಗಿಸುತ್ತಿದ್ದ ಕೆರೆಗಳೇ ಅಸಾಮಾನ್ಯ ದಿನವೊಂದರಲ್ಲಿ ಅದನ್ನು ಹೆಚ್ಚಿಸಿದ್ದವು.

ಮೂಸಿ ಮತ್ತು ಅದರ ಉಪನದಿ ಈಸಿಗಳ ಮೇಲೆ ಪ್ರವಾಹ ತಡೆಯುವ ಎರಡು ಜಲಾಶಯಗಳನ್ನು ಕಟ್ಟಬೇಕೆಂಬ ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು.

ಕಾವೇರಿ: ಅಳತೆಯೇ ಒಪ್ಪಂದವಾದಾಗ

1909ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಉತ್ಪಾದನೆ ನಡೆದು ಕೋಲಾರದ ಚಿನ್ನದ ಗಣಿಗಳಿಗೆ ಪೂರೈಕೆಯಾಗುತ್ತಿತ್ತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿದ್ದುದರಿಂದ ಪೂರೈಕೆಗೆ ಧಕ್ಕೆಯಾಗುತ್ತಿತ್ತು. ಇತ್ತ ಮಂಡ್ಯ ಸೀಮೆಯ ಒಣಭೂಮಿ ನೀರಿಗಾಗಿ ಕಾದಿತ್ತು. ಎರಡಕ್ಕೂ ಪರಿಹಾರವಾಗಿ ಕನ್ನಂಬಾಡಿಯ ಬಳಿ 124 ಅಡಿ ಎತ್ತರದ ಅಣೆಕಟ್ಟೆಯ ಯೋಜನೆ ಸಿದ್ಧವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲದೊಂದಿಗೆ 1911ರಲ್ಲಿ ಕೆಲಸ ಆರಂಭಗೊಂಡಿತು.

ಕೆಳಭಾಗದ ಮದ್ರಾಸ್ ಸರ್ಕಾರ ಆಕ್ಷೇಪಿಸಿತು. 1892ರ ಒಪ್ಪಂದದಂತೆ ಅದರ ಸಮ್ಮತಿ ಅಗತ್ಯವಾಗಿತ್ತು. ಮೊದಲಿಗೆ 80 ಅಡಿ ಎತ್ತರಕ್ಕೆ ಮಾತ್ರ ಅನುಮತಿ ದೊರೆಯಿತು. ಆದರೂ ಮುಂದಿನ ಎತ್ತರಕ್ಕೆ ಸಾಕಾಗುವಷ್ಟು ಅಗಲದ ಅಡಿಪಾಯವನ್ನೇ ಹಾಕಲಾಯಿತು. ವಿವಾದವು ಮಧ್ಯಸ್ಥಿಕೆಗೆ ಹೋಗಿ, 1914ರಲ್ಲಿ ಎಚ್.ಡಿ. ಗ್ರಿಫಿನ್ ಅವರ ತೀರ್ಪು ಹೊರಬಂದಿತು. ಅದೂ ಪ್ರಶ್ನೆಗೊಳಗಾಗಿ, ಕೊನೆಗೆ 1924ರ ಫೆಬ್ರವರಿ 18ರಂದು ಎರಡೂ ಸರ್ಕಾರಗಳ ನಡುವೆ ಒಪ್ಪಂದವಾಯಿತು.

ಈ ಇಡೀ ವಿವಾದದ ಹೃದಯದಲ್ಲಿದ್ದುದು ಒಂದು ಅಳತೆಯ ಪ್ರಶ್ನೆ. ಕಟ್ಟೆಯಿಲ್ಲದಿದ್ದರೆ ಕಾವೇರಿಯಲ್ಲಿ ಎಷ್ಟು ನೀರು ಕೆಳಕ್ಕೆ ಹರಿಯುತ್ತಿತ್ತು? ಒಪ್ಪಂದದ ನಿಯಮಗಳು ತಮಿಳು ನಾಡಿನ ಮೇಲಣೆಕಟ್ಟೆಯ ಬಳಿಯ ಮಾಪಕದಲ್ಲಿ ತಿಂಗಳಿಗೊಂದರಂತೆ ಮಿತಿಮಟ್ಟವನ್ನು ಗೊತ್ತುಮಾಡಿದವು. ಕೆಳಗಿನ ಹಳೆಯ ನೀರಾವರಿಗೆ ಸಲ್ಲಬೇಕಾದ ಆ ಹರಿವನ್ನು ಕಾಯ್ದುಕೊಂಡ ಮೇಲೆ ಮಾತ್ರ ಕೃಷ್ಣರಾಜಸಾಗರದಲ್ಲಿ ನೀರು ಸಂಗ್ರಹಿಸಬಹುದಾಗಿತ್ತು. ಎರಡು ಸರ್ಕಾರಗಳ ನಡುವಿನ ನ್ಯಾಯವು ನೀರಿನಲ್ಲಿ ನಿಂತ ಒಂದು ಅಳತೆಪಟ್ಟಿಯ ಅಡಿ ಮತ್ತು ಅಂಗುಲಗಳಿಗೆ ಬಂದು ನಿಂತಿತು.

ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದು ಕೆಲಸಕ್ಕೆ ವೇಗ ನೀಡಿದರು. ಕಟ್ಟೆ ಪೂರ್ಣಗೊಂಡುದು ಅವರು ಅಧಿಕಾರ ಬಿಟ್ಟ ಬಹುಕಾಲದ ನಂತರ, 1930ರ ದಶಕದ ಆರಂಭದಲ್ಲಿ. ಮಂಡ್ಯ ಹಸಿರಾಯಿತು. ಕನ್ನಂಬಾಡಿ ಗ್ರಾಮ ನೀರಿನಡಿ ಸೇರಿತು.

ಮರಳಿ ಕಟ್ಟುವ ಹರಿವು

ಸಹಜ ಹರಿವನ್ನು ಲೆಕ್ಕ ಹಾಕುವ ಕ್ರಮ ತತ್ವದಲ್ಲಿ ಸರಳ. ನದಿಯ ಅಡ್ಡಕೊಯ್ತದ ವಿಸ್ತೀರ್ಣವನ್ನು ನೀರಿನ ವೇಗದಿಂದ ಗುಣಿಸಿದರೆ ಆ ಕ್ಷಣದ ಹರಿವು ದೊರೆಯುತ್ತದೆ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು ಹರಿದರೆ ಅದು ಒಂದು ಕ್ಯೂಸೆಕ್. 11,574 ಕ್ಯೂಸೆಕ್ ನೀರು ಒಂದು ದಿನವಿಡೀ ಹರಿದರೆ ಒಂದು ಟಿಎಂಸಿ ಅಡಿಯಾಗುತ್ತದೆ. ಬೇರೆ ಬೇರೆ ಮಟ್ಟಗಳಲ್ಲಿ ಹೀಗೆ ಅಳೆದು ಪಟ್ಟಿ ಸಿದ್ಧಪಡಿಸಿದರೆ, ಅನಂತರ ಮಾಪಕದ ಮಟ್ಟವನ್ನು ಓದಿದ ಮಾತ್ರಕ್ಕೆ ಹರಿವು ತಿಳಿಯುತ್ತದೆ.

ಕಟ್ಟೆ ಮತ್ತು ಕಾಲುವೆಗಳಿರುವ ನದಿಯಲ್ಲಿ ಇಷ್ಟು ಸಾಲದು. ಕಂಡ ಹರಿವಿಗೆ ಕಾಲುವೆಗೆ ತಿರುಗಿಸಿದ ನೀರನ್ನೂ, ಜಲಾಶಯದಲ್ಲಿ ಹೆಚ್ಚಾದ ಸಂಗ್ರಹವನ್ನೂ, ಆವಿಯಾಗಿ ಹೋದುದನ್ನೂ ಕೂಡಿಸಬೇಕು. ಹೊಲಗಳಿಂದ ಮರಳಿ ಬಂದ ನೀರನ್ನು ಕಳೆಯಬೇಕು. ಆಗ ಮನುಷ್ಯನ ಕೈ ತಾಗದಿದ್ದರೆ ನದಿ ಹೇಗೆ ಹರಿಯುತ್ತಿತ್ತು ಎಂಬ ಅಂದಾಜು ದೊರೆಯುತ್ತದೆ. ಆ ಅಂದಾಜಿಗೂ ಕಣ್ಣೆದುರಿನ ಹರಿವಿಗೂ ಇರುವ ಅಂತರವೇ ಮಾನವ ಹಸ್ತಕ್ಷೇಪದ ಅಳತೆ.

1996ರಲ್ಲಿ ಅಮೆರಿಕದ ಬ್ರಯಾನ್ ರಿಕ್ಟರ್ ಮತ್ತು ಸಂಗಡಿಗರು ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೊಯ್ದರು. ವರ್ಷಕ್ಕೆ ಒಟ್ಟು ಎಷ್ಟು ನೀರು ಎಂಬುದಷ್ಟೇ ಮುಖ್ಯವಲ್ಲ. ಪ್ರವಾಹ ಯಾವ ತಿಂಗಳಲ್ಲಿ ಬರುತ್ತದೆ, ಎಷ್ಟು ಬಾರಿ ಬರುತ್ತದೆ, ಎಷ್ಟು ದಿನ ಇರುತ್ತದೆ, ಎಷ್ಟು ವೇಗವಾಗಿ ಏರಿಳಿಯುತ್ತದೆ ಎಂಬುದನ್ನು ನಂಬಿಯೇ ಮೀನು ಮೊಟ್ಟೆಯಿಡುತ್ತದೆ, ದಡದ ಗಿಡ ಬೇರುಬಿಡುತ್ತದೆ. ಆದ್ದರಿಂದ ಅಣೆಕಟ್ಟೆಯ ಮುಂಚಿನ ಮತ್ತು ನಂತರದ ದೈನಂದಿನ ದಾಖಲೆಗಳನ್ನು ಇಂತಹ ಮೂವತ್ತಕ್ಕೂ ಹೆಚ್ಚು ಸೂಚಕಗಳಲ್ಲಿ ಹೋಲಿಸುವ ವಿಧಾನವನ್ನು ಅವರು ಮುಂದಿಟ್ಟರು. ವರ್ಷದ ಮೊತ್ತ ಸರಿಯಾಗಿದ್ದರೂ ಕಾಲ ತಪ್ಪಿದರೆ ನದಿ ಬದಲಾದಂತೆಯೇ ಸರಿ.

ಲೆಕ್ಕಕ್ಕೆ ಬಾರದೆ ಉಳಿದುದು

ಈ ದೃಷ್ಟಿಯಿಂದ ನೋಡಿದಾಗ ವಿಶ್ವೇಶ್ವರಯ್ಯನವರ ಕಾಲದ ಲೆಕ್ಕದ ಮಿತಿಯೂ ಕಾಣುತ್ತದೆ. ಬರ ಮತ್ತು ಕ್ಷಾಮಗಳಿಂದ ಬೆಂದ ನಾಡಿನಲ್ಲಿ ಸಮುದ್ರ ಸೇರುವ ನೀರು ಅವರ ಪೀಳಿಗೆಗೆ ವ್ಯರ್ಥವೆಂದೇ ಕಂಡಿತ್ತು. ಮೈಸೂರಿನ ಹೊಲ, ಮದ್ರಾಸಿನ ಹೊಲ, ಗಣಿಯ ವಿದ್ಯುತ್ತು, ನಗರದ ನಲ್ಲಿ ಇವೆಲ್ಲವೂ ಲೆಕ್ಕದಲ್ಲಿದ್ದವು. ನದಿಗೇ ಒಂದು ಪಾಲು ಎಂಬ ಕಲಂ ಆ ಪುಸ್ತಕದಲ್ಲಿ ಇರಲಿಲ್ಲ. 1934ರಲ್ಲಿ ಮೆಟ್ಟೂರು ಅಣೆಕಟ್ಟೆ ಪೂರ್ಣಗೊಂಡ ನಂತರ, ಸಮುದ್ರದಿಂದ ಕಾವೇರಿಗೆ ಏರಿಬರುತ್ತಿದ್ದ ಹಿಲ್ಸಾ ಮೀನು ಕ್ಷೀಣಿಸಿತು.

ಆ ಕಲಂ ಕಾವೇರಿಯ ಲೆಕ್ಕದಲ್ಲಿ ಕಾಣಿಸಿಕೊಳ್ಳಲು 2007 ಬರಬೇಕಾಯಿತು. ಆ ವರ್ಷ ಕಾವೇರಿ ನ್ಯಾಯಮಂಡಳಿಯು ಒಟ್ಟು 740 ಟಿಎಂಸಿ ಅಡಿ ನೀರಿನಲ್ಲಿ 10 ಟಿಎಂಸಿ ಅಡಿಯನ್ನು ಪರಿಸರ ಸಂರಕ್ಷಣೆಗೆಂದು ಪ್ರತ್ಯೇಕವಾಗಿ ಮೀಸಲಿಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳ ಪಾಲನ್ನು ಬದಲಿಸಿದಾಗಲೂ ಈ ಅಂಕಿ ಹಾಗೆಯೇ ಉಳಿಯಿತು. ನೂರಕ್ಕೆ ಒಂದೂವರೆ ಪಾಲೂ ಆಗದ ಈ ಮೊತ್ತ ಅಲ್ಪವೇ ಸರಿ. ಆದರೆ ನದಿಯೂ ಒಬ್ಬ ಪಾಲುದಾರ ಎಂಬುದು ಅದರಿಂದ ದಾಖಲೆಗೆ ಬಂದಿತು.

ಮಿತಿಯಿದ್ದರೂ ಅವರ ವಿಧಾನ ಹಳತಾಗಲಿಲ್ಲ. ಗಾಂಧೀಜಿಯವರ ಕೋರಿಕೆಯಂತೆ 1937ರಲ್ಲಿ, ಎಪ್ಪತ್ತರ ನಡುವಯಸ್ಸಿನಲ್ಲಿ, ಅವರು ಒಡಿಶಾದ ಪ್ರವಾಹ ಸಮಸ್ಯೆಯ ಅಧ್ಯಯನಕ್ಕೆ ತೆರಳಿದರು. ಅಲ್ಲಿಯೂ ಮುಖಜಭೂಮಿಯಲ್ಲಿ ನಿಂತು ಪರಿಹಾರ ಹೇಳದೆ, ಮಹಾನದಿಯ ಜಲಾನಯನ ಪ್ರದೇಶದಲ್ಲಿ ಜಲಾಶಯಗಳ ಸಾಧ್ಯತೆಯನ್ನು ವಿವರವಾಗಿ ಪರಿಶೀಲಿಸಬೇಕೆಂದು ಸೂಚಿಸಿದರು. 1957ರಲ್ಲಿ ಉದ್ಘಾಟನೆಗೊಂಡ ಹಿರಾಕುಡ್ ಅಣೆಕಟ್ಟೆಯ ಹಿನ್ನೆಲೆಯಲ್ಲಿ ಈ ಸಲಹೆಯಿದೆ. 1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ವಿಶ್ವೇಶ್ವರಯ್ಯನವರು ನೂರು ವರ್ಷಗಳ ಸಾರ್ಥಕ ಬದುಕನ್ನು ಪೂರೈಸಿ 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಘಟಪ್ರಭೆಯ ದಡದಲ್ಲಿ

ಘಟಪ್ರಭೆಯ ಲೆಕ್ಕವೂ ಒಂದೇ ಮುಖದ್ದಲ್ಲ. ಧೂಪದಾಳದ ಒಡ್ಡು ಜಲಪಾತಕ್ಕೆ ಹೋಗಬೇಕಾದ ನೀರನ್ನು ಕಾಲುವೆಗೆ ತಿರುಗಿಸಿತು. ಅದೇ ಒಡ್ಡಿನ ಹಿನ್ನೀರಿನಲ್ಲಿ ವಲಸೆ ಹಕ್ಕಿಗಳು ನೆಲೆ ಕಂಡವು. ಡೆಮೊಸೆಲ್ ಕ್ರೌಂಚ, ಯೂರೋಪಿನ ಬಿಳಿ ಕೊಕ್ಕರೆಗಳು ಚಳಿಗಾಲದಲ್ಲಿ ಬಂದಿಳಿಯುವ ಈ ಪ್ರದೇಶ 1974ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾಯಿತು. ಬದಲಾದ ಹರಿವು ಒಂದೆಡೆ ಕಿತ್ತುಕೊಂಡು, ಇನ್ನೊಂದೆಡೆ ಕೊಟ್ಟಿತು. ಯಾವುದು ಎಷ್ಟು ಎಂಬುದು ಭಾವನೆಯಿಂದ ತೀರ್ಮಾನವಾಗುವ ವಿಷಯವಲ್ಲ.

2019ರ ಆಗಸ್ಟ್‌ನಲ್ಲಿ ಇದರ ಇನ್ನೊಂದು ಮುಖ ಕಂಡಿತು. ಸಹ್ಯಾದ್ರಿಯ ಭಾರಿ ಮಳೆಗೆ ಹಿಡಕಲ್ ಜಲಾಶಯ ತುಂಬಿ ನೀರು ಹೊರಬಿಡಬೇಕಾಯಿತು. ಅತ್ತ ಹಿರಣ್ಯಕೇಶಿ, ಇತ್ತ ಮಾರ್ಕಂಡೇಯ ಉಪನದಿಗಳೂ ಉಕ್ಕಿದವು. ಗೋಕಾಕ ಪಟ್ಟಣ ಜಲಾವೃತವಾಯಿತು, ನದಿದಡದ ಹಳ್ಳಿಗಳ ಜನ ಮನೆ ಬಿಟ್ಟು ಹೊರಟರು. ಅಂತಹ ದಿನಗಳಲ್ಲಿ ಯಾವ ನದಿಯಿಂದ ಎಷ್ಟು ನೀರು ಯಾವ ಗಳಿಗೆಗೆ ಬರುತ್ತದೆ ಎಂಬ ಲೆಕ್ಕವು ಜೀವ ಉಳಿಸುವ ಮಾಹಿತಿಯಾಗುತ್ತದೆ. ಮೂಸಿಯ ಮೇಲ್ಭಾಗದ 788 ಕೆರೆಗಳನ್ನು ಎಣಿಸಿದ ಎಂಜಿನಿಯರ್ ಹಾಕಿಕೊಟ್ಟ ಮಾರ್ಗವೂ ಅದೇ ಆಗಿತ್ತು.

ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನಾಚರಣೆಯಲ್ಲಿ ಸರ್ ಎಂ.ವಿ. ಅವರ ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ. ಮಳೆಗಾಲ ಮುಗಿಯುತ್ತ ಬಂದು, ಜಲಾಶಯಗಳಲ್ಲಿ ಎಷ್ಟು ಹಿಡಿದಿಡಬೇಕು, ಕಾಲುವೆಗೆ ಎಷ್ಟು, ಹೊಳೆಗೆ ಎಷ್ಟು ಎಂದು ನಿರ್ಧರಿಸುವ ಕಾಲವೂ ಅದೇ. ಆ ನಿರ್ಧಾರದ ಕಾಗದದಲ್ಲಿ ಅವರ ಕಾಲದ ಕಲಂಗಳ ಜೊತೆಗೆ ಅವರ ಕಾಲದಲ್ಲಿಲ್ಲದ ಒಂದು ಕಲಂ, ನದಿಯ ಪಾಲು, ಅಳತೆಯೊಂದಿಗೆ ಸೇರಿದರೆ ಅವರು ಆರಂಭಿಸಿದ ಲೆಕ್ಕ ಮುಂದುವರಿದಂತಾಗುತ್ತದೆ.